ಮಿದುಳಿನ ಕಾವಲು: ವಂಶದಿಂದ ಬಂದದ್ದು, ನಮ್ಮ ಕೈಯಲ್ಲಿರುವುದು



ಎಳೆಯ ಮಗುವಿಗೆ ನೀರೆರೆಯುವ ಮುನ್ನ ಮನೆಯ ಹಿರಿಯರು ಅದರ ನೆತ್ತಿಯನ್ನು ಎಷ್ಟು ಮೆಲ್ಲಗೆ ಮುಟ್ಟುತ್ತಾರೆಂಬುದನ್ನು ತಾವು ನೋಡಿದ್ದೀರಿ. ಅಲ್ಲಿ ಮೂಳೆ ಇನ್ನೂ ಕೂಡಿರುವುದಿಲ್ಲ. ಬೆರಳಿಗೆ ಮಿಡಿತ ತಿಳಿಯುತ್ತದೆ. ಅದರ ಕೆಳಗಿರುವುದು ಬಹಳ ಕೋಮಲವಾದ ಅಂಗವೆಂದು ಆ ಕೈಗಳು ಬಲ್ಲವು. ಈ ಅಂಗವನ್ನು ಪ್ರಕೃತಿಯು ಹೇಗೆ ಕಾಯುತ್ತದೆ, ಆ ಕಾವಲಿನಲ್ಲಿ ತಾಯಿತಂದೆಯರಿಂದ ಬಂದ ವಂಶವಾಹಿಗಳ ಪಾತ್ರವೇನು, ದಂಪತಿಗಳಾದ ತಾವು ಮಾಡಬೇಕಾದುದೇನು ಎಂಬ ವಿಷಯವನ್ನು ಈ ದಿನ ತಮ್ಮ ಮುಂದಿಡಬಯಸುತ್ತೇನೆ.

ಮಿದುಳು ತಲೆಬುರುಡೆಯೊಳಗೆ ತಿಳಿನೀರಿನಂತಹ ಒಂದು ದ್ರವದಲ್ಲಿ ತೇಲುತ್ತಿರುತ್ತದೆ. ಬೆಳೆದವರ ಮಿದುಳು ಸುಮಾರು 1,400 ಗ್ರಾಂ ತೂಗುತ್ತದೆ. ದ್ರವದಲ್ಲಿ ತೇಲುವುದರಿಂದ ಅದರ ಭಾರವು ಸುಮಾರು 50 ಗ್ರಾಂನಷ್ಟು ಮಾತ್ರವಾಗುತ್ತದೆ. ತುಂಬಿದ ಕೊಡವು ಬಾವಿಯ ನೀರಿನೊಳಗಿರುವಾಗ ಹಗುರವಾಗಿದ್ದು, ಮೇಲೆ ಬಂದೊಡನೆ ಭಾರವಾಗುವುದನ್ನು ನೀರು ಸೇದುವವರೆಲ್ಲರೂ ಬಲ್ಲರು. ಇದೂ ಅಂತೆಯೇ. ಬೆಳೆದವರಲ್ಲಿ ಈ ದ್ರವವು ಸುಮಾರು 150 ಮಿಲಿಲೀಟರಿನಷ್ಟು ಇರುತ್ತದೆ. ದಿನವೊಂದಕ್ಕೆ ಸುಮಾರು 500 ಮಿಲಿಲೀಟರಿನಷ್ಟು ಹೊಸದಾಗಿ ಉತ್ಪತ್ತಿಯಾಗಿ, ಅಷ್ಟೇ ಪ್ರಮಾಣದ ಹಳೆಯ ದ್ರವವು ರಕ್ತವನ್ನು ಸೇರುತ್ತದೆ. ಕೆರೆಗೆ ನೀರು ತರುವ ಕಾಲುವೆಯೂ ಹೊರಬಿಡುವ ತೂಬೂ ಸಮನಾಗಿ ನಡೆದಾಗ ಏರಿಗೆ ಅಪಾಯವಿಲ್ಲ. ತೂಬು ಕಟ್ಟಿಕೊಂಡರೆ ಮಾತ್ರ ಕಷ್ಟ. ಎಳೆಯ ಮಗುವಿನ ತಲೆಯು ಮಿತಿಮೀರಿ ಬೆಳೆಯುವ ಕಾಯಿಲೆಯು ಬರುವುದು ಬಹುಮಟ್ಟಿಗೆ ಹೀಗೆಯೇ.

ಈ ದ್ರವಕ್ಕಾಗಲಿ ಮಿದುಳಿಗಾಗಲಿ ರಕ್ತದಲ್ಲಿರುವುದೆಲ್ಲವೂ ಬಂದು ಸೇರುವಂತಿಲ್ಲ. ರಕ್ತದಲ್ಲಿ ಉಂಡ ಅನ್ನದ ಸಾರವಿರುವಂತೆಯೇ ವಿಷವೂ ರೋಗಾಣುಗಳೂ ಇರಬಹುದಷ್ಟೆ. 1885ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಖ್ ಅವರು ಪ್ರಾಣಿಗಳ ರಕ್ತಕ್ಕೆ ಬಣ್ಣವನ್ನು ಸೇರಿಸಿದಾಗ, ಇತರ ಅಂಗಗಳು ಬಣ್ಣಗೊಂಡರೂ ಮಿದುಳು ಮಾತ್ರ ಬಣ್ಣಗೊಳ್ಳಲಿಲ್ಲ. 1913ರಲ್ಲಿ ಅವರ ಶಿಷ್ಯರಾದ ಎಡ್ವಿನ್ ಗೋಲ್ಡ್‌ಮನ್ ಅವರು ಬಣ್ಣವನ್ನು ಮಿದುಳಿನ ದ್ರವಕ್ಕೇ ಸೇರಿಸಿದರು. ಆಗ ಮಿದುಳು ಬಣ್ಣಗೊಂಡಿತು, ಉಳಿದ ಅಂಗಗಳು ಹಾಗೆಯೇ ಉಳಿದವು. ಇವೆರಡರ ನಡುವೆ ಒಂದು ತಡೆಗೋಡೆಯಿದೆಯೆಂಬುದು ಹೀಗೆ ತಿಳಿದುಬಂದಿತು. ಮಿದುಳಿನ ಅತಿಸೂಕ್ಷ್ಮ ರಕ್ತನಾಳಗಳ ಗೋಡೆಯ ಜೀವಕೋಶಗಳೂ, ದ್ರವವನ್ನು ಉತ್ಪಾದಿಸುವ ಜೀವಕೋಶಗಳೂ ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡು ಈ ಗೋಡೆಯಾಗಿವೆ.

ಈ ಬೆಸುಗೆಯನ್ನು ಮಾಡುವವರು ಯಾರು? ನಮ್ಮ ಪ್ರತಿಯೊಂದು ಜೀವಕೋಶದಲ್ಲಿಯೂ ಸುಮಾರು 20,000 ವಂಶವಾಹಿಗಳಿವೆ. ದೇಹಕ್ಕೆ ಬೇಕಾದ ಪ್ರೋಟೀನುಗಳನ್ನು ಹೇಗೆ ತಯಾರಿಸಬೇಕೆಂಬ ಆದೇಶ ಅವುಗಳಲ್ಲಿ ಅಡಗಿದೆ. ಬಹುಪಾಲು ವಂಶವಾಹಿಗಳ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ. ಒಂದು ತಾಯಿಯಿಂದ, ಮತ್ತೊಂದು ತಂದೆಯಿಂದ ಬಂದುದು. ಇಂತಹ ಒಂದು ವಂಶವಾಹಿಯು ಕ್ಲಾಡಿನ್–5 ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಇಟ್ಟಿಗೆಗಳ ನಡುವಣ ಗಾರೆಯಂತೆ ಇದು ರಕ್ತನಾಳದ ಜೀವಕೋಶಗಳನ್ನು ಬಿಗಿಯುತ್ತದೆ. 2003ರಲ್ಲಿ ಜಪಾನಿನ ವಿಜ್ಞಾನಿಗಳು ಈ ವಂಶವಾಹಿಯಿಲ್ಲದ ಇಲಿಗಳನ್ನು ಪರೀಕ್ಷಿಸಿದರು. ಅವುಗಳ ತಡೆಗೋಡೆಯ ಮೂಲಕ ಸಣ್ಣ ಕಣಗಳು ಸೋರಿದವು. ಮರಿಗಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಸತ್ತವು.

ಗೋಡೆಯಿದ್ದ ಮೇಲೆ ಬಾಗಿಲೂ ಬೇಕು. ಮಿದುಳಿಗೆ ಆಹಾರವಾದ ಗ್ಲೂಕೋಸನ್ನು ಒಳಕ್ಕೆ ಬಿಡುವ ಬಾಗಿಲನ್ನು ಮತ್ತೊಂದು ವಂಶವಾಹಿಯು ನಿರ್ಮಿಸುತ್ತದೆ. ಅದರಲ್ಲಿ ದೋಷವಿದ್ದರೆ ರಕ್ತದಲ್ಲಿ ಗ್ಲೂಕೋಸು ಸಾಕಷ್ಟಿದ್ದರೂ ಮಿದುಳು ಹಸಿದಿರುತ್ತದೆ. ಮಗುವಿಗೆ ಮೇಲಿಂದ ಮೇಲೆ ಸೆಳೆತ ಬರುತ್ತದೆ. 1991ರಲ್ಲಿ ವೈದ್ಯರು ಇದನ್ನು ಮೊದಲು ವಿವರಿಸಿದರು. ಕೊಬ್ಬು ಹೆಚ್ಚಾಗಿರುವ ವಿಶೇಷ ಪಥ್ಯವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆಸಿದರೆ ಇಂತಹ ಅನೇಕ ಮಕ್ಕಳಲ್ಲಿ ಸೆಳೆತ ಹತೋಟಿಗೆ ಬರುತ್ತದೆ. ಇಂತಹ ಬಹುಪಾಲು ಮಕ್ಕಳಲ್ಲಿ ಈ ದೋಷವು ತಾಯಿಯಿಂದಲೂ ಬಂದುದಲ್ಲ, ತಂದೆಯಿಂದಲೂ ಬಂದುದಲ್ಲ, ಹೊಸದಾಗಿ ಮೂಡಿದುದು.

ಆದುದರಿಂದ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಗುವಿಗೆ ಇಂತಹ ತೊಂದರೆಯಾದಾಗ ಸೊಸೆಯ ಕಾಲ್ಗುಣವೆಂದೂ, ಗ್ರಹಣ ನೋಡಿದ ಫಲವೆಂದೂ, ಪೂರ್ವಜನ್ಮದ ಪಾಪವೆಂದೂ ಜರೆಯುವವರಿದ್ದಾರೆ. ಇದು ಅನ್ಯಾಯ. ವಂಶವಾಹಿಗಳನ್ನು ಯಾರೂ ಆಯ್ದುಕೊಂಡು ಹುಟ್ಟುವುದಿಲ್ಲ, ಆಯ್ದು ಮಕ್ಕಳಿಗೆ ಕೊಡುವುದೂ ಇಲ್ಲ. ಪತಿಯಾದವನು ಇಂತಹ ವೇಳೆಯಲ್ಲಿ ಪತ್ನಿಯ ಪಕ್ಕದಲ್ಲಿ ನಿಲ್ಲಬೇಕು.

ಇನ್ನು ಕೆಲವು ದೋಷಗಳು ಎರಡು ಪ್ರತಿಗಳೂ ಕೆಟ್ಟಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಒಂದು ಪ್ರತಿ ಮಾತ್ರ ಕೆಟ್ಟಿದ್ದರೆ ಆ ವ್ಯಕ್ತಿಯು ಆರೋಗ್ಯವಾಗಿಯೇ ಇರುತ್ತಾನೆ. ಅಂತಹ ಗಂಡು ಹೆಣ್ಣು ದಂಪತಿಗಳಾದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಮಿದುಳಿಗೆ ಬೇಕಾದ ವಿಶೇಷ ಕೊಬ್ಬಿನಂಶವನ್ನು ತಡೆಗೋಡೆಯ ಮೂಲಕ ಸಾಗಿಸುವ ಒಂದು ವಂಶವಾಹಿಯ ಎರಡು ಪ್ರತಿಗಳೂ ಕೆಟ್ಟಾಗ ಮಕ್ಕಳ ತಲೆ ಚಿಕ್ಕದಾಗಿ ಉಳಿಯುವುದೆಂದು 2015ರಲ್ಲಿ ತಿಳಿದುಬಂದಿತು. ಸೋದರಮಾವನಿಗೂ ಅಕ್ಕನ ಮಗಳಿಗೂ ಸರಾಸರಿ ಕಾಲುಭಾಗ ವಂಶವಾಹಿಗಳು ಸಮಾನವಾಗಿರುತ್ತವೆ; ಅತ್ತೆಯ ಮಗ, ಮಾವನ ಮಗಳು ಇವರಲ್ಲಿ ಎಂಟರಲ್ಲಿ ಒಂದು ಭಾಗ. ಒಂದೇ ಬಗೆಯ ಕೆಟ್ಟ ಪ್ರತಿ ಇಬ್ಬರಲ್ಲಿಯೂ ಇರುವ ಸಂಭವ ಇದರಿಂದ ಹೆಚ್ಚುತ್ತದೆ. ಈಗಾಗಲೇ ಸಂಬಂಧದೊಳಗೆ ಮದುವೆಯಾದವರು ಹೆದರಬೇಕಾಗಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ಆದರೆ ಮನೆತನದಲ್ಲಿ ಇಂತಹ ಮಗು ಹುಟ್ಟಿದ್ದರೆ ಮುಂದಿನ ಬಸಿರಿಗೆ ಮೊದಲೇ ವೈದ್ಯರ ಸಲಹೆ ಪಡೆಯಿರಿ. ನಾಳೆ ಮಕ್ಕಳಿಗೆ ಸಂಬಂಧ ನೋಡುವಾಗ ಆಸ್ತಿಯು ಮನೆಯಲ್ಲಿಯೇ ಉಳಿಯಲೆಂಬುದೊಂದನ್ನೇ ಎಣಿಸದೆ ಇದನ್ನೂ ಎಣಿಸಿರಿ.

ವಂಶವಾಹಿಗಳು ಕಟ್ಟಿಕೊಟ್ಟ ಕಾವಲನ್ನು ಉಳಿಸಿಕೊಳ್ಳುವ ಕೆಲಸ ಬಹಳಷ್ಟು ನಮ್ಮ ಕೈಯಲ್ಲಿದೆ.

ಮೊದಲನೆಯದು ಫೋಲಿಕ್ ಆಮ್ಲದ ಮಾತ್ರೆ. ಬಸಿರು ನಿಂತ 28 ದಿನಗಳೊಳಗೆ, ಅಂದರೆ ಅನೇಕ ವೇಳೆ ಬಸುರಿಯೆಂದು ತಿಳಿಯುವ ಮುನ್ನವೇ, ಮಗುವಿನ ಮಿದುಳು ಮತ್ತು ಬೆನ್ನುಹುರಿಯ ಕೊಳವೆಯು ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಮಗುವು ಬೆನ್ನಿನ ಮೇಲೆ ದ್ರವ ತುಂಬಿದ ಗಂಟಿನೊಡನೆ ಹುಟ್ಟಬಹುದು. ಮಗು ಬೇಕೆಂದು ತಾವಿಬ್ಬರೂ ನಿಶ್ಚಯಿಸಿದ ದಿನದಿಂದಲೇ ನಿತ್ಯವೂ 400 ಮೈಕ್ರೋಗ್ರಾಂ ಮಾತ್ರೆಯನ್ನು ಆರಂಭಿಸಿ, ಮೊದಲ ಮೂರು ತಿಂಗಳು ತಪ್ಪದೆ ಸೇವಿಸಬೇಕು. ಮೊದಲೊಮ್ಮೆ ಇಂತಹ ಮಗು ಹುಟ್ಟಿದ್ದರೆ ಹೆಚ್ಚಿನ ಪ್ರಮಾಣ ಬೇಕಾಗುವುದರಿಂದ ವೈದ್ಯರನ್ನು ಕೇಳಿರಿ.

ಎರಡನೆಯದು ಲಸಿಕೆ. ತಡೆಗೋಡೆಯನ್ನು ಭೇದಿಸಿ ಮಿದುಳಿನ ಪೊರೆಗೆ ನುಗ್ಗುವ ರೋಗಾಣುಗಳಿವೆ. ಹುಟ್ಟಿದಾಗ ಹಾಕಿಸುವ ಬಿ.ಸಿ.ಜಿ. ಲಸಿಕೆಯು ಕ್ಷಯದಿಂದ ಬರುವ ಮಿದುಳುಜ್ವರದಿಂದ ಶಿಶುವನ್ನು ರಕ್ಷಿಸುತ್ತದೆ. 6, 10 ಮತ್ತು 14ನೆಯ ವಾರಗಳ ಲಸಿಕೆಗಳನ್ನೂ, 9ನೆಯ ತಿಂಗಳಿನದನ್ನೂ ತಪ್ಪಿಸಬೇಡಿರಿ.

ಮೂರನೆಯದು ಹುಟ್ಟುಗೂಸಿನ ಕಾಮಾಲೆ. ರಕ್ತದಲ್ಲಿ ಹಳದಿ ವಸ್ತುವು ಮಿತಿಮೀರಿದರೆ ತಡೆಗೋಡೆಯನ್ನು ದಾಟಿ ಮಿದುಳನ್ನು ಕೆಡಿಸುತ್ತದೆ. ಮಗು ಕಿವುಡಾಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು. ಹುಟ್ಟಿದ 24 ಗಂಟೆಗಳೊಳಗೆ ಹಳದಿ ಕಂಡರೆ, ಅಥವಾ ಅಂಗೈ ಅಂಗಾಲುಗಳಿಗೆ ಹಳದಿ ಇಳಿದರೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸಿ ಚಿಕಿತ್ಸೆ ನೀಡುತ್ತಾರೆ. ಕಾಮಾಲೆಗೂ ಸೆಳೆತಕ್ಕೂ ಮಗುವಿಗೆ ಬರೆ ಹಾಕಿಸುವ ಪದ್ಧತಿಯನ್ನು ದಯವಿಟ್ಟು ಬಿಟ್ಟುಬಿಡಿರಿ. ಅದರಿಂದ ಮಗುವಿಗೆ ನೋವೂ ಗಾಯವೂ ಆಗುವುದಲ್ಲದೆ, ಆಸ್ಪತ್ರೆಗೆ ಹೋಗಬೇಕಾದ ಅಮೂಲ್ಯ ವೇಳೆಯೂ ಕೈತಪ್ಪುತ್ತದೆ.

ಕಡೆಯದಾಗಿ, ಜ್ವರದೊಡನೆ ಕುತ್ತಿಗೆ ಬಿಗಿಯುವುದು, ಹಾಲು ಕುಡಿಯದೆ ಮಂಕಾಗುವುದು, ನೆತ್ತಿ ಉಬ್ಬುವುದು, ತಲೆಯು ಬೇಗಬೇಗನೆ ದೊಡ್ಡದಾಗುವುದು, ಸೆಳೆತ ಬರುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬೇಡಿರಿ. ತಲೆಯಲ್ಲಿ ದ್ರವ ತುಂಬಿಕೊಂಡ ಮಗುವಿಗೆ ಶಸ್ತ್ರಚಿಕಿತ್ಸೆಯಿದೆ. ಸಣ್ಣ ಕೊಳವೆಯೊಂದನ್ನಿಟ್ಟು ದ್ರವವನ್ನು ಹೊಟ್ಟೆಯ ಕಡೆಗೆ ಹರಿಯಬಿಡುತ್ತಾರೆ. ಬೇಗ ಬಂದಷ್ಟೂ ಫಲ ಹೆಚ್ಚು.

ಸಂದೇಹವಿದ್ದರೆ ತಮ್ಮೂರಿನ ಆರೋಗ್ಯ ಸಹಾಯಕಿಯನ್ನು ಕೇಳಿರಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಬರುವಾಗ ಗಂಡ ಹೆಂಡಿರು ಇಬ್ಬರೂ ಜೊತೆಯಾಗಿ ಬನ್ನಿರಿ. ಮಗುವಿನಲ್ಲಿ ಇಬ್ಬರ ಪಾಲೂ ಇರುವಾಗ, ಅದರ ಯೋಗಕ್ಷೇಮದ ಮಾತನ್ನು ಇಬ್ಬರೂ ಕುಳಿತು ಕೇಳುವುದೇ ಉಚಿತ.