ಕೂಡಿಟ್ಟ ರೊಕ್ಕ ಎಲ್ಲಿದೆ?



ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜಿರೊಟ್ಟಿಯ ಜೊತೆಗೆ ಗಜ್ಜರಿ ಇಲ್ಲದ ಪಲ್ಯ ನಮ್ಮ ಕಡೆ ಯಾವ ಮನೆಯಲ್ಲಿಯೂ ಆಗುವುದಿಲ್ಲ. ಆ ಗಜ್ಜರಿಗೆ ಹೆಸರಾದ ಊರು ನಮ್ಮ ಕವಲಾಪುರ. ಹೊರಗಿನವರಿಗೆ ಈ ಊರು ಗೊತ್ತಿರುವುದು ಎರಡು ಕಾರಣಕ್ಕೆ. ಒಂದು ಗಜ್ಜರಿ, ಇನ್ನೊಂದು ಕಾಳೂ-ಬಾಳೂ ಎಂಬ ಅವಳಿ ಸೋದರರ ತಮಾಶಾ. ತಮಾಶಾದ ಮಾತು ಇನ್ನೊಮ್ಮೆ ಆಡೋಣ. ಗಜ್ಜರಿಯ ರೊಕ್ಕ ಮನೆಗೆ ಬಂದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬುದು ಇಂದಿನ ಮಾತು.

ನೌಕರಿಯವರ ಮನೆಗೆ ತಿಂಗಳಿಗೊಮ್ಮೆ ಪಗಾರ ಬರುತ್ತದೆ. ನಮ್ಮ ಮನೆಗಳಿಗೆ ಹಾಗಲ್ಲ. ಸಂಕ್ರಾಂತಿಯ ಹೊತ್ತಿಗೆ ಗಜ್ಜರಿ, ಶಿವರಾತ್ರಿಯ ಆಚೆಈಚೆ ದ್ರಾಕ್ಷಿ, ಕಾರಖಾನೆ ನುರಿಸಿದ ಮೇಲೆ ಕಬ್ಬಿನ ಬಿಲ್ಲು, ಬೇಸಿಗೆಯಲ್ಲಿ ಅರಿಷಿಣ. ಬರುವಾಗ ರಾಶಿಯಾಗಿ ಬರುತ್ತದೆ, ಹೋಗುವಾಗ ಹನಿಹನಿಯಾಗಿ ಹೋಗುತ್ತದೆ. ಜೂನ್ ತಿಂಗಳು ಬಂತೆಂದರೆ ಬೀಜ, ಗೊಬ್ಬರ, ಮಕ್ಕಳ ಸಾಲೆಯ ಫೀ, ವಹಿ, ಪುಸ್ತಕ ಎಲ್ಲವೂ ಒಮ್ಮೆಲೆ ಬಾಗಿಲಿಗೆ ಬಂದು ನಿಲ್ಲುತ್ತವೆ. ಆಗ ಡಬ್ಬಿ ತೆಗೆದು ನೋಡಿದರೆ ತಳ ಕಾಣುತ್ತದೆ. ಜನವರಿಯಲ್ಲಿ ಬಂದದ್ದು ಜೂನಿನವರೆಗೆ ಏಕೆ ಬಾಳಲಿಲ್ಲ ಎಂದು ಗಂಡನನ್ನು ಹೆಂಡತಿ, ಹೆಂಡತಿಯನ್ನು ಗಂಡ ಕೇಳುತ್ತಾರೆ. ಇಬ್ಬರೂ ಖರ್ಚು ಮಾಡಿರುತ್ತಾರೆ, ಇಬ್ಬರೂ ಬರೆದಿಟ್ಟಿರುವುದಿಲ್ಲ.

ಬರೆದಿಡುವುದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಮಕ್ಕಳ ಹಳೆಯ ವಹಿಯಲ್ಲಿ ಉಳಿದ ನಾಲ್ಕು ಹಾಳೆ ಸಾಕು. ರೊಕ್ಕ ಬಂದ ದಿನವೇ ಜೂನಿನ ಗಂಟನ್ನು ಬೇರೆ ಮಾಡಿಡಿ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಉಳಿಸಿರಿ ಎಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ. ಸಾಸಿವೆ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ, ಅಕ್ಕಿಯ ಡಬ್ಬಿಯ ತಳದಲ್ಲಿ ಅವರು ಉಳಿಸಿಯೇ ಉಳಿಸುತ್ತಾರೆ. ಉಳಿಸಿದ್ದನ್ನು ಎಲ್ಲಿಡಬೇಕು ಎಂಬಲ್ಲಿ ತೊಡಕಿದೆ.

ಸಾಂಗಲಿಯ ಮಗ್ಗುಲಲ್ಲಿ, ಕೃಷ್ಣೆ ಮತ್ತು ವಾರಣೆ ಕೂಡುವಲ್ಲಿ ಹರಿಪುರವಿದೆ. ಅಲ್ಲಿ ಅರಿಷಿಣವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಮರಾಠಿಯಲ್ಲಿ ಅದಕ್ಕೆ ಪೇವ ಎನ್ನುತ್ತಾರೆ. ವರ್ಷಗಟ್ಟಲೆ ಇಟ್ಟರೂ ಹುಳ ಹತ್ತುತ್ತಿರಲಿಲ್ಲ. ದರ ಏರುವವರೆಗೆ ರೈತನೂ ವ್ಯಾಪಾರಿಯೂ ನಿಶ್ಚಿಂತರು. 2005ರ ಮಹಾಪೂರದಲ್ಲಿ ಕೃಷ್ಣೆಯ ನೀರು ಆ ಹಗೇವುಗಳಿಗೆ ನುಗ್ಗಿತು, ಒಳಗಿನ ಅರಿಷಿಣ ಕೊಳೆತುಹೋಯಿತು. ಹಗೇವು ಕೆಟ್ಟದ್ದಲ್ಲ, ತಲೆಮಾರುಗಳಿಂದ ಕಾಯ್ದದ್ದೇ. ಆದರೆ ಇದ್ದದ್ದೆಲ್ಲವನ್ನೂ ಒಂದೇ ಕಡೆ ಇಟ್ಟವರು ಒಂದೇ ದಿನ ಕಳೆದುಕೊಂಡರು. 2019ರ ಆಗಸ್ಟಿನಲ್ಲಿ ಮತ್ತೆ ಸಾಂಗಲಿಯಲ್ಲಿ ನೀರು ಬಂದಾಗ ನಮ್ಮ ಮನೆಗೆ ಬಂದಿಳಿದ ನೆಂಟರು ಮೊದಲು ಮಾಡಿದ ಕೆಲಸವೇನು ಗೊತ್ತೆ? ತೋಯ್ದ ನೋಟುಗಳನ್ನೂ ಪಾಸ್‌ಬುಕ್ಕುಗಳನ್ನೂ ನಮ್ಮ ಪಡಸಾಲೆಯಲ್ಲಿ ಹರವಿದ್ದು.

ಈಗ ನಾವು ರೊಕ್ಕ ಇಡುವ ಜಾಗಗಳನ್ನು ನೋಡೋಣ. ಭಿಶಿ ಎಲ್ಲರಿಗೂ ಗೊತ್ತು. ಹತ್ತು ಜನ ಹೆಣ್ಣುಮಕ್ಕಳು ತಿಂಗಳಿಗೆ ಐನೂರರಂತೆ ಹಾಕಿ, ಚೀಟಿ ಎತ್ತಿ, ಒಬ್ಬರಿಗೆ ಐದು ಸಾವಿರ ಕೊಡುವುದು. ಒಂದೇ ಓಣಿಯವರು, ಒಬ್ಬರಿಗೊಬ್ಬರು ಗೊತ್ತಿದ್ದವರು ಇದ್ದಷ್ಟು ದಿನ ಅದು ಚೆನ್ನಾಗಿ ನಡೆಯುತ್ತದೆ. ಗೊತ್ತಿಲ್ಲದವರು ಸೇರಿ ಲಕ್ಷದ ಲೆಕ್ಕಕ್ಕೆ ಹೋದಾಗ ಮೊದಲು ಚೀಟಿ ಎತ್ತಿದವರು ಊರು ಬಿಡುತ್ತಾರೆ, ಕೊನೆಯ ಚೀಟಿಯವರು ಅಳುತ್ತಾರೆ. ಬಚತ್ ಗಟದ ಮಾತು ಬೇರೆ. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಆರಂಭಿಸಿತು. ಗುಂಪಿನ ಹೆಸರಿನಲ್ಲಿ ಖಾತೆ ಇದೆ, ವಹಿ ಇದೆ, ಸಭೆ ಇದೆ.

ಇನ್ನು ಪಿಗ್ಮಿ. ಸಾಂಗಲಿ, ಮಿರಜದ ಪೇಟೆಗಳಲ್ಲಿ ಚಹಾದ ಗಾಡಿಯವರಿಂದ ಹಿಡಿದು ಕಾಯಿಪಲ್ಯ ಮಾರುವವರವರೆಗೆ ಎಲ್ಲರೂ ಪಿಗ್ಮಿ ಕಟ್ಟುತ್ತಾರೆ. ಈ ಪದ್ಧತಿ ಕನ್ನಡ ನಾಡಿನಿಂದ ಬಂದದ್ದೆಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಉಡುಪಿಯಲ್ಲಿ ಡಾ. ಟಿ. ಎಂ. ಎ. ಪೈಯವರು ಮುಂದೆ ನಿಂತು ಕಟ್ಟಿದ ಬ್ಯಾಂಕು 1928ರಲ್ಲಿ ಇದನ್ನು ಆರಂಭಿಸಿತು. ದಿನಕ್ಕೆ ಎರಡಾಣೆ, ಏಜಂಟನೇ ಮನೆಬಾಗಿಲಿಗೆ. ಆ ಬ್ಯಾಂಕೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. ದಿನಕ್ಕೆ ಇಪ್ಪತ್ತು ರೂಪಾಯಿ ಎಂದರೆ ವರ್ಷಕ್ಕೆ 7,300. ಕೈಗೆ ಹತ್ತದ ರೊಕ್ಕ ಕೂಡುತ್ತದೆ, ಇದು ಪಿಗ್ಮಿಯ ಗುಣ. ಏಜಂಟ ಒಳ್ಳೆಯವನೆಂದು ರಸೀದಿ ಕೇಳದೆ ಕಟ್ಟುವುದು ನಮ್ಮ ಅವಗುಣ. ರಸೀದಿ ಕೇಳಿದರೆ ಅವನ ಮೇಲೆ ಸಂಶಯಪಟ್ಟಂತಾಗುತ್ತದೆ ಎಂದು ಸಂಕೋಚ. ಸಂಕೋಚ ಬೇಡ. ಮೂರು ತಿಂಗಳಿಗೊಮ್ಮೆ ನೀವೇ ಕಚೇರಿಗೆ ಹೋಗಿ ಖಾತೆಯಲ್ಲಿ ಎಷ್ಟು ಜಮಾ ಆಗಿದೆ ಎಂದು ಕೇಳಿ ನೋಡಿರಿ.

ಆ ಕಚೇರಿ ಯಾವುದು ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ. ಇದನ್ನು ಸ್ವಲ್ಪ ನಿಂತು ಹೇಳಬೇಕಾಗಿದೆ, ಏಕೆಂದರೆ ನಮ್ಮ ಮನೆಯಲ್ಲೇ ಇದರ ಪೆಟ್ಟು ಬಿದ್ದಿದೆ.

ನಮ್ಮ ಸೋದರತ್ತೆ ಮಗಳ ಲಗ್ನಕ್ಕೆಂದು ಎಂಬತ್ತು ಸಾವಿರ ರೂಪಾಯಿ ಕೂಡಿಸಿದ್ದರು. ಎಮ್ಮೆಯ ಹಾಲು, ಕೂಲಿ, ದೀಪಾವಳಿಗೆ ತವರಿನಿಂದ ಬಂದ ಉಡುಗೊರೆ, ಎಲ್ಲ ಸೇರಿ ಹನ್ನೊಂದು ವರ್ಷದ ಗಂಟು. ಅದನ್ನು ಅವರು ಬ್ಯಾಂಕಿನಲ್ಲಿ ಇಟ್ಟಿದ್ದೇನೆಂದು ಹೇಳುತ್ತಿದ್ದರು. ನಾವೂ ನಂಬಿದ್ದೆವು. ಒಂದು ದಿನ ಬಾಗಿಲು ಹಾಕಿತು. ಆಗ ತಿಳಿದದ್ದು, ಅದು ಬ್ಯಾಂಕಲ್ಲ, ಪತಸಂಸ್ಥೆ. ಬ್ಯಾಂಕಿಗಿಂತ ನೂರಕ್ಕೆ ಮೂರು ರೂಪಾಯಿ ಹೆಚ್ಚು ಬಡ್ಡಿ ಕೊಡುತ್ತೇವೆಂದು ಹೇಳಿದ್ದರು. ಎಂಬತ್ತು ಸಾವಿರಕ್ಕೆ ಆ ಹೆಚ್ಚಿನ ಬಡ್ಡಿ ವರ್ಷಕ್ಕೆ ಎರಡು ಸಾವಿರದ ನಾನೂರು ರೂಪಾಯಿ. ಅಷ್ಟರ ಆಸೆಗೆ ಇಡೀ ಗಂಟು ಹೋಯಿತು. ಮುಂದೆ ಒಂಬತ್ತು ವರ್ಷ ಚಪ್ಪಲಿ ಸವೆಸಿ ಅವರಿಗೆ ತಿರುಗಿ ಸಿಕ್ಕದ್ದು ಹನ್ನೊಂದು ಸಾವಿರ. ಮಗಳ ಲಗ್ನ ಸಾಲದಲ್ಲಿ ಆಯಿತು. ಆ ತಾಯಿ ಮೋಸಹೋದದ್ದಕ್ಕಿಂತ ಹೆಚ್ಚಾಗಿ, ಬ್ಯಾಂಕು ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದೆನಲ್ಲ ಎಂದು ನಾಚಿಕೆಪಟ್ಟರು. ನಾಚಿಕೆಪಡಬೇಕಾದವರು ಅವರಲ್ಲ.

ಬ್ಯಾಂಕಿಗೂ ಪತಸಂಸ್ಥೆಗೂ ಏನು ಭೇದ? ಬ್ಯಾಂಕಿಗೆ, ಅದು ಸರಕಾರಿ ಇರಲಿ, ಸಹಕಾರಿ ಇರಲಿ, ರಿಸರ್ವ್ ಬ್ಯಾಂಕಿನ ಹಿಡಿತವಿದೆ. ಪತಸಂಸ್ಥೆ 1960ರ ಮಹಾರಾಷ್ಟ್ರ ಸಹಕಾರಿ ಸಂಸ್ಥೆಗಳ ಕಾಯಿದೆಯಂತೆ ನೋಂದಣಿಯಾದ ಸಂಸ್ಥೆ. ಅದು ಸಹಕಾರ ಖಾತೆಯ ಕೆಳಗೆ ಬರುತ್ತದೆ. ಮಲ್ಟಿಸ್ಟೇಟ್ ಕ್ರೆಡಿಟ್ ಸೊಸೈಟಿ ಎಂಬುದೂ ಬ್ಯಾಂಕಲ್ಲ. ಬಾಗಿಲಿಗೆ ಗಾಜು, ಒಳಗೆ ಕಂಪ್ಯೂಟರು, ಕೈಯಲ್ಲಿ ಪಾಸ್‌ಬುಕ್ಕು ಎಲ್ಲ ಬ್ಯಾಂಕಿನ ಹಾಗೆಯೇ ಇರುತ್ತದೆ. ಆದ್ದರಿಂದ ಫಲಕದ ಮೊದಲ ಅಕ್ಷರಗಳನ್ನು ಓದಿ ನಿಲ್ಲಬೇಡಿ, ಬಾಲವನ್ನು ಓದಿರಿ. ದೇವರ ಹೆಸರು ದೊಡ್ಡದಾಗಿ ಇರುತ್ತದೆ, ‘ಪತಸಂಸ್ಥಾ ಮರ್ಯಾದಿತ’ ಎಂಬುದು ಕೊನೆಯಲ್ಲಿ ಸಣ್ಣದಾಗಿ ಇರುತ್ತದೆ.

ಬ್ಯಾಂಕಿನಲ್ಲಿಟ್ಟ ಠೇವಿಗೆ ವಿಮೆ ಇದೆ. ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು 1960ರಲ್ಲಿ ಮುಳುಗಿ ಠೇವಿದಾರರು ಬೀದಿಗೆ ಬಂದ ಮೇಲೆ ಸರಕಾರ 1961ರಲ್ಲಿ ಕಾಯಿದೆ ಮಾಡಿತು, 1962ರಿಂದ ವಿಮೆ ಜಾರಿಗೆ ಬಂತು. ಆಗ ಅದರ ಮಿತಿ ಒಂದೂವರೆ ಸಾವಿರ ರೂಪಾಯಿ. 1993ರಲ್ಲಿ ಒಂದು ಲಕ್ಷವಾಯಿತು, 2020ರ ಫೆಬ್ರವರಿ 4ರಿಂದ ಐದು ಲಕ್ಷವಾಯಿತು. ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿಗೆ ಅಸಲು, ಬಡ್ಡಿ ಎರಡೂ ಸೇರಿ ಐದು ಲಕ್ಷ. ಅದೇ ಬ್ಯಾಂಕಿನ ಸಾಂಗಲಿ ಶಾಖೆಯಲ್ಲಿ ಸ್ವಲ್ಪ, ಮಿರಜ ಶಾಖೆಯಲ್ಲಿ ಸ್ವಲ್ಪ ಇಟ್ಟರೆ ಎರಡನ್ನೂ ಕೂಡಿಸಿಯೇ ಲೆಕ್ಕ. ಬೇರೆ ಬ್ಯಾಂಕಾದರೆ ಬೇರೆ ಲೆಕ್ಕ. ಸಹಕಾರಿ ಬ್ಯಾಂಕಿಗೂ ಈ ವಿಮೆ ಇದೆ. ಪತಸಂಸ್ಥೆಯ ಠೇವಿಗೆ ಈ ವಿಮೆ ಇಲ್ಲ. ಈ ಒಂದು ವಾಕ್ಯವನ್ನು ನಮ್ಮ ಅತ್ತೆಗೆ ಯಾರಾದರೂ ಹನ್ನೊಂದು ವರ್ಷದಲ್ಲಿ ಒಮ್ಮೆ ಹೇಳಿದ್ದರೆ!

ಎಲ್ಲ ಪತಸಂಸ್ಥೆಗಳೂ ಕೆಟ್ಟವೆಂದು ನಾನು ಹೇಳುತ್ತಿಲ್ಲ. ಬ್ಯಾಂಕು ಒಳಗೆ ಬಿಡದ ಎಷ್ಟೋ ಬಡವರಿಗೆ ಸಾಲ ಕೊಟ್ಟು ಕೈಹಿಡಿದ ಸಂಸ್ಥೆಗಳು ನಮ್ಮ ಜಿಲ್ಲೆಯಲ್ಲಿವೆ. ಅಲ್ಲಿ ಇಡುವುದಾದರೆ ಸದಸ್ಯರಾಗಿ ವಾರ್ಷಿಕ ವರದಿ ಕೇಳಿರಿ, ಲೆಕ್ಕ ಪರಿಶೋಧನೆಯಲ್ಲಿ ‘ಅ’ ವರ್ಗ ಬಂದಿದೆಯೇ ನೋಡಿರಿ, ಥಕಬಾಕಿ ಎಷ್ಟಿದೆ ಎಂದು ಕೇಳಿರಿ. ಲಗ್ನದ ಗಂಟು, ಮುಪ್ಪಿನ ಗಂಟು ಮಾತ್ರ ಅಲ್ಲಿ ಬೇಡ. ಅದಕ್ಕೆ ಬ್ಯಾಂಕಿದೆ, ಪೋಸ್ಟು ಇದೆ. ಪೋಸ್ಟಿನಲ್ಲಿ ಐದು ವರ್ಷದ ಆರ್‌ಡಿ ಇದೆ, ಹತ್ತು ವರ್ಷದೊಳಗಿನ ಹೆಣ್ಣುಮಗುವಿಗೆ 2015ರಲ್ಲಿ ಬಂದ ಸುಕನ್ಯಾ ಖಾತೆ ಇದೆ.

ಗಡಿನಾಡಿನ ನಮಗೆ ಇನ್ನೊಂದು ತೊಡಕು ಇದೆ. ಬ್ಯಾಂಕಿನ ಫಾರ್ಮಿನಲ್ಲಿ ಮೂರು ಭಾಷೆ ಇರಬಹುದು, ಆ ಮೂರರಲ್ಲಿ ನಮ್ಮದು ಇರುವುದಿಲ್ಲ. ಮರಾಠಿ ಮಾತನಾಡಲು ಬರುತ್ತದೆ, ಪೇಟೆಯ ವ್ಯವಹಾರ ನಡೆಯುತ್ತದೆ. ಆದರೆ ಕಾಗದದ ಮರಾಠಿ ಬೇರೆ. ಸಾಕ್ಷೀದಾರ ಎಂಬಲ್ಲಿ ಸಹಿ ಮಾಡಿದರೆ ನೀವು ನೋಡಿದ್ದಕ್ಕೆ ಸಾಕ್ಷಿ. ಜಾಮೀನದಾರ ಎಂಬಲ್ಲಿ ಸಹಿ ಮಾಡಿದರೆ ಆ ಸಾಲಕ್ಕೆ ನೀವೂ ಹೊಣೆ. ನೆರೆಮನೆಯವರು ‘ಸುಮ್ಮನೆ ಒಂದು ಸಹಿ, ವೈನಿ’ ಎಂದು ಕರೆದುಕೊಂಡು ಹೋಗುತ್ತಾರೆ. 1872ರ ಕರಾರು ಕಾಯಿದೆಯಂತೆ ಜಾಮೀನದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಅವನು ಕಟ್ಟದಿದ್ದರೆ ಅರ್ಧ ನಿಮ್ಮಿಂದ, ಅರ್ಧ ಅವನಿಂದ ಎಂಬ ಲೆಕ್ಕವಿಲ್ಲ, ಪೂರ್ಣವನ್ನೇ ನಿಮ್ಮಿಂದ ವಸೂಲು ಮಾಡಬಹುದು. ತಾರಣ ಎಂದರೆ ಒತ್ತೆ. ಸಹಕರ್ಜದಾರ ಎಂದರೆ ನೀವೂ ಸಾಲಗಾರರು. ಈ ನಾಲ್ಕು ಶಬ್ದಗಳನ್ನು ಸಾಲೆಗೆ ಹೋಗುವ ನಿಮ್ಮ ಮಗನಿಂದ ದೇವನಾಗರಿಯಲ್ಲಿ ಬರೆಸಿಕೊಂಡು, ನೋಡಿದ ಕೂಡಲೆ ಗುರುತು ಹಿಡಿಯುವಷ್ಟು ರೂಢಿ ಮಾಡಿಕೊಳ್ಳಿರಿ. ತಿಳಿಯದ ಕಾಗದಕ್ಕೆ, ‘ಮನೆಗೆ ಒಯ್ದು ಓದಿಸಿಕೊಂಡು ನಾಳೆ ಬರುತ್ತೇನೆ’ ಎನ್ನುವುದಕ್ಕೆ ನಿಮಗೆ ಹಕ್ಕಿದೆ. ನಾಳೆಯವರೆಗೆ ತಡೆಯಲಾರದ ಕಾಗದ ಒಳ್ಳೆಯ ಕಾಗದವಲ್ಲ.

ಸಾಲದ ಬಡ್ಡಿಯ ಮಾತನ್ನೂ ಹೇಳಿಬಿಡುತ್ತೇನೆ. ಊರ ಸಾವಕಾರ ‘ಶೇಕಡಾ ಮೂರು’ ಎಂದರೆ ಅದು ತಿಂಗಳಿನದು, ವರ್ಷಕ್ಕೆ ಮೂವತ್ತಾರು. ಇಪ್ಪತ್ತು ಸಾವಿರಕ್ಕೆ ವರ್ಷಕ್ಕೆ 7,200 ರೂಪಾಯಿ ಬಡ್ಡಿಯೇ ಆಯಿತು, ಅಸಲು ಹಾಗೇ ನಿಂತಿರುತ್ತದೆ. ವಾರದ ಹಪ್ತೆ, ತಿಂಗಳ ಹಪ್ತೆಯ ಸಾಲದವರು ಬೇರೆ ಜಾಣತನ ಮಾಡುತ್ತಾರೆ. ಹನ್ನೆರಡು ಸಾವಿರ ಸಾಲಕ್ಕೆ ‘ಫ್ಲ್ಯಾಟ್ ಹನ್ನೆರಡು’ ಎಂದು ವರ್ಷಕ್ಕೆ 1,440 ಬಡ್ಡಿ ಹಾಕಿ, ತಿಂಗಳಿಗೆ 1,120ರಂತೆ ತೆಗೆದುಕೊಳ್ಳುತ್ತಾರೆ. ಆದರೆ ಪ್ರತಿ ತಿಂಗಳು ಅಸಲು ಒಂದು ಸಾವಿರ ಇಳಿಯುತ್ತಿರುತ್ತದೆ. ಕೊನೆಯ ತಿಂಗಳು ನಿಮ್ಮ ಕೈಯಲ್ಲಿರುವುದು ಒಂದೇ ಸಾವಿರ, ಬಡ್ಡಿ ಮಾತ್ರ ಹನ್ನೆರಡು ಸಾವಿರದ್ದು. ಸರಿಯಾಗಿ ಲೆಕ್ಕ ಹಾಕಿದರೆ ಅದು ನೂರಕ್ಕೆ ಇಪ್ಪತ್ತೊಂದಕ್ಕೂ ಮೇಲೆ ಬೀಳುತ್ತದೆ. ‘ಉಳಿದ ಬಾಕಿಯ ಮೇಲಿನ ಬಡ್ಡಿ ಎಷ್ಟು’ ಎಂದು ಕೇಳಿರಿ. ಕೇಳಿದ ಕೂಡಲೆ ಎದುರಿನವರು ನಿಮ್ಮನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ, ಅದಂತೂ ನಿಜ.

ಬಂಗಾರದ ಬಗ್ಗೆ ಎರಡೇ ಮಾತು. ಹಳೆಯ ತೊಲೆ ಎಂದರೆ ಹನ್ನೊಂದು ಗ್ರಾಮಿಗೂ ಮೇಲೆ, ಇಂದು ಪೇಟೆಯಲ್ಲಿ ತೊಲೆ ಎನ್ನುವುದು ಹತ್ತು ಗ್ರಾಮನ್ನು. ಆದ್ದರಿಂದ ಗ್ರಾಮಿನಲ್ಲೇ ಕೇಳಿರಿ. ಮಜೂರಿ ಕೊಟ್ಟು ಮಾಡಿಸಿದ ಒಡವೆಯನ್ನು ಮಾರುವಾಗ ಆ ಮಜೂರಿ ತಿರುಗಿ ಬರುವುದಿಲ್ಲ. ತೊಡುವುದಕ್ಕೆ ಒಡವೆ ಸರಿ, ಕೂಡಿಡುವುದಕ್ಕೆ ಹೊಸ ಹೊಸ ನಮೂನೆ ಮುರಿಸಿ ಮಾಡಿಸುವುದು ಸರಿಯಲ್ಲ. 2021ರ ಜೂನಿನಿಂದ ಹಾಲ್‌ಮಾರ್ಕ್ ಕಡ್ಡಾಯವಾಗುತ್ತ ಬಂದಿದೆ, ಆ ಗುರುತಿಲ್ಲದೆ ಕೊಳ್ಳಬೇಡಿ.

ಕೊನೆಗೆ, ನಿಮ್ಮ ಮನೆಯ ಟ್ರಂಕಿನ ಮಾತು. ಅತ್ತೆಯದೋ ಅಜ್ಜಿಯದೋ ಟ್ರಂಕಿನ ತಳದಲ್ಲಿ ಹಳೆಯ ಪಾಸ್‌ಬುಕ್ಕು ಇದ್ದರೆ ಬಂಬಿಗೆ ಹಾಕಬೇಡಿ. ನಮ್ಮ ಕಡೆಯ ಬಹಳ ಜನರ ಖಾತೆ ಸಾಂಗಲಿ ಬ್ಯಾಂಕಿನಲ್ಲಿತ್ತು. 1916ರಲ್ಲಿ ಹುಟ್ಟಿದ ಆ ಬ್ಯಾಂಕು 2007ರಲ್ಲಿ ಐಸಿಐಸಿಐ ಬ್ಯಾಂಕಿನಲ್ಲಿ ಸೇರಿತು. ಫಲಕ ಹೋಯಿತೆಂದರೆ ರೊಕ್ಕ ಹೋಯಿತೆಂದು ಅರ್ಥವಲ್ಲ, ಖಾತೆಯ ಹೊಣೆ ಸೇರಿಸಿಕೊಂಡ ಬ್ಯಾಂಕಿನದು. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ರೊಕ್ಕ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಅಲ್ಲಿಗೆ ಹೋದ ಮೇಲೂ ವಾರಸದಾರರು ತಮ್ಮ ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. 2023ರಿಂದ ಉದ್ಗಮ್ ಎಂಬ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕುವ ಅನುಕೂಲವೂ ಇದೆ, ಕಾಲೇಜಿಗೆ ಹೋಗುವ ಹುಡುಗರು ಹುಡುಕಿ ಕೊಡುತ್ತಾರೆ. ನಿಮ್ಮ ಸ್ವಂತ ಖಾತೆಗೆ ವಾರಸ ಯಾರೆಂದು ಬರೆಸಿದ್ದೀರಾ ಎಂಬುದನ್ನೂ ಅದೇ ಹೊತ್ತಿಗೆ ನೋಡಿಬಿಡಿರಿ. 2025ರ ನವೆಂಬರಿನಿಂದ ಬ್ಯಾಂಕಿನ ಠೇವಿಗೆ ನಾಲ್ವರವರೆಗೆ ಹೆಸರು ಬರೆಸಬಹುದು. ಲಗ್ನಕ್ಕೆ ಮುಂಚೆ ತೆರೆದ ಖಾತೆಗಳಲ್ಲಿ ಎಷ್ಟೋ ಕಡೆ ಇನ್ನೂ ತೀರಿಹೋದ ತಂದೆಯ ಹೆಸರೇ ಉಳಿದಿದೆ.

ಮುಂದಿನ ಸಲ ಪೇಟೆಗೆ ಹೋಗುವಾಗ ಆ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಜ್ಜಿಯ ಮರಣದ ದಾಖಲೆಯನ್ನೂ ನಿಮ್ಮ ಆಧಾರ ಕಾರ್ಡನ್ನೂ ಜೊತೆಗಿಟ್ಟುಕೊಂಡು ಹೋಗಿರಿ. ಬೆಳಿಗ್ಗೆ ಹನ್ನೊಂದರೊಳಗೆ ಹೋದರೆ ಸರದಿ ಸಣ್ಣದಿರುತ್ತದೆ.