ನಲ್ಲಿ ನೀರಿಗೆ ನಿಮ್ಮ ಓಟು ಎಲ್ಲಿದೆ?

(ಪಾಡ್‌ಕಾಸ್ಟ್ ಮಾತಿನ ಬರಹ ರೂಪ)

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ನಲ್ಲಿ ಮುಂದೆ ಕೊಡ ಇಟ್ಕೊಂಡು ಕಾಯ್ತಿರೋರಿಗೂ ಇವತ್ತಿನ ವಿಷಯ ನೀರು. ಎಷ್ಟು ಹೊತ್ತು ಬರುತ್ತೆ ಅನ್ನೋದಲ್ಲ. ಅದನ್ನ ಪಾಲಿಕೆ ನಡೆಸಬೇಕಾ, ಕಂಪನಿ ನಡೆಸಬೇಕಾ ಅಂತ ತೀರ್ಮಾನ ಮಾಡೋರು ಯಾರು ಅನ್ನೋದು.

ನಮ್ಮೂರು ದಾವಣಗೆರೆ ತಾಲ್ಲೂಕಿನ ಲೋಕಿಕೆರೆ. ನಮ್ಮಂಥ ಊರುಗಳಲ್ಲಿ ಗ್ರಾಮಸಭೆ ಅಂತ ಒಂದಿದೆ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಅದು ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಅಜ್ಜಿಯೊಬ್ಬರು ಎದ್ದು ನಿಂತು, 'ನೀರಿನ ಕಂದಾಯ ಯಾಕೆ ಏರಿಸ್ತೀರಿ, ಲೆಕ್ಕ ಹೇಳ್ರಿ' ಅಂತ ಪಿಡಿಒ ಅವರನ್ನ ಕೇಳಬಹುದು. ಉತ್ತರ ಚೆನ್ನಾಗಿರುತ್ತೋ ಇಲ್ವೋ, ಕೇಳೋಕೆ ಒಂದು ಜಾಗವಂತೂ ಇದೆ.

ಓದೋಕೆ ದಾವಣಗೆರೆಗೆ ಬಂದು ರೂಮು ಮಾಡಿದ ಮೇಲೆ ನನಗೆ ಹೊಳೆದದ್ದು ಇಷ್ಟು: ಇಲ್ಲಿ ಊರಿಗೆ ಊರೇ ಸೇರುವ ಅಂಥ ಸಭೆ ಇಲ್ಲ. ಇನ್ನೊಂದು ತಮಾಷೆ ಕೇಳಿ. ನಾನು ಕುಡಿಯೋ ನೀರು ನಗರದ್ದು, ನನ್ನ ಓಟು ಊರಲ್ಲಿ! ನಿಮ್ಮಲ್ಲೂ ಎಷ್ಟೋ ಜನರ ಕಥೆ ಇದೇ ಇರಬೇಕು.

ಈಗ ಕಾನೂನು ನೋಡೋಣ. ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ರಂದು. ಅದರ ಜೊತೆ ಬಂದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಸೇರಬಹುದಾದ 18 ವಿಷಯಗಳಿವೆ. ನೀರು ಸರಬರಾಜು ಅದರಲ್ಲೊಂದು. ಆದರೆ ಎಷ್ಟು ಅಧಿಕಾರ ಕೊಡಬೇಕು ಅನ್ನೋದನ್ನ ರಾಜ್ಯ ಸರ್ಕಾರಕ್ಕೇ ಬಿಟ್ಟಿದ್ದಾರೆ. ಕೀಲಿ ಪಾಲಿಕೆ ಹತ್ರ ಇದೆ ಅಂತ ನಾವು ಅಂದ್ಕೊಂಡಿರ್ತೀವಿ. ಗೊಂಚಲು ಬೆಂಗಳೂರಲ್ಲಿರುತ್ತೆ.

ನಮ್ಮ ದಾವಣಗೆರೆ, ಹರಿಹರದಲ್ಲೇ ನೋಡಿ. ಎರಡೂ ಊರಿಗೆ ತುಂಗಭದ್ರೆ ಆಸರೆ. 24 ಗಂಟೆ ನೀರು ಕೊಡೋಕೆ ಅಂತ ಬಂದ ಯೋಜನೆ 'ಜಲಸಿರಿ'. ಸಾಲ ಏಷ್ಯಾ ಅಭಿವೃದ್ಧಿ ಬ್ಯಾಂಕಿನದು. ಉಸ್ತುವಾರಿ ರಾಜ್ಯದ ನಗರ ಮೂಲಸೌಕರ್ಯ ನಿಗಮದ್ದು. ದಾವಣಗೆರೆಯಲ್ಲಿ ಗುತ್ತಿಗೆ ಫ್ರಾನ್ಸ್ ಮೂಲದ ಸುಯೆಜ್ ಕಂಪನಿಗೆ ಸಿಕ್ಕಿತು. ಇದು ಮಾರಾಟ ಅಲ್ಲ, ಆಸ್ತಿ ಊರಿನದ್ದೇ. ಆದರೆ ಕಟ್ಟಿದವರೇ ಕೆಲವು ವರ್ಷ ನಡೆಸಿಕೊಡುವ ಒಪ್ಪಂದ.

ಕಂಪನಿ ಬಂದ್ರೆ ಕೆಟ್ಟದ್ದು, ಸರ್ಕಾರ ಇದ್ರೆ ಒಳ್ಳೇದು ಅಂತ ನಾನು ಹೇಳ್ತಿಲ್ಲ. ರಾತ್ರಿ ಎರಡಕ್ಕೆ ಎದ್ದು ಡ್ರಮ್ ತುಂಬಿಸೋ ತಾಯಂದಿರಿಗೆ ನಲ್ಲಿ ಯಾವಾಗ ತಿರುವಿದರೂ ನೀರು ಬರೋದು ಸಣ್ಣ ಮಾತಲ್ಲ. ನನ್ನ ಪ್ರಶ್ನೆ ಬೇರೆ. ಒಪ್ಪಂದದಲ್ಲಿ ಏನಿದೆ ಅಂತ ನಮ್ಮಲ್ಲಿ ಎಷ್ಟು ಜನ ಓದಿದ್ದೀವಿ?

ಇದೇ ಪ್ರಶ್ನೆ ಜರ್ಮನಿಯ ಬರ್ಲಿನ್‌ನಲ್ಲೂ ಎದ್ದಿತ್ತು. 1999ರಲ್ಲಿ ಅಲ್ಲಿನ ಜಲ ಸಂಸ್ಥೆಯ ಶೇ 49.9ರಷ್ಟು ಪಾಲನ್ನ ಖಾಸಗಿಯವರಿಗೆ ಮಾರಿದ್ರು. ಒಪ್ಪಂದ ಗುಟ್ಟಾಗಿತ್ತು. 2011ರ ಫೆಬ್ರವರಿ 13ರಂದು ಜನಮತ ನಡೀತು. 'ನೀರನ್ನ ವಾಪಸ್ ತಗೊಳ್ಳಿ' ಅಂತ ಅಲ್ಲ, 'ಕಾಗದ ತೋರಿಸಿ' ಅಂತ. ಓಟು ಹಾಕಿದವರಲ್ಲಿ ಶೇ 98ಕ್ಕೂ ಹೆಚ್ಚು ಜನ ಹೌದು ಅಂದ್ರು. 2013ರ ಹೊತ್ತಿಗೆ ನಗರ ಆ ಪಾಲನ್ನೂ ವಾಪಸ್ ಕೊಂಡುಕೊಂಡಿತು.

ಆದರೆ ಅದೇ ಬರ್ಲಿನ್‌ನಲ್ಲಿ 2013ರ ನವೆಂಬರ್‌ನಲ್ಲಿ ಕರೆಂಟ್ ಜಾಲದ ಬಗ್ಗೆ ನಡೆದ ಜನಮತ ಸೋತಿತು. ಓಟು ಹಾಕಿದವರಲ್ಲಿ ಶೇ 83ರಷ್ಟು ಜನ ಹೌದು ಅಂದಿದ್ರು. ಆದರೂ ಸೋತಿತು. ಯಾಕೆ ಗೊತ್ತಾ? ಒಟ್ಟು ಮತದಾರರಲ್ಲಿ ಶೇ 25ರಷ್ಟು ಜನ ಹೌದು ಅನ್ನಬೇಕಿತ್ತು, ಅಂದದ್ದು ಶೇ 24ರಷ್ಟು. ಸೋಲಿಸಿದ್ದು ಎದುರಾಳಿಗಳಲ್ಲ, ಮನೆಯಲ್ಲೇ ಕೂತವರು.

ನಮ್ಮ ನಗರಗಳಲ್ಲಿ ಅಂಥ ಜನಮತ ಇಲ್ಲ. ಆದರೆ 'ಕಾಗದ ತೋರಿಸಿ' ಅನ್ನೋಕೆ ನಮಗೂ ದಾರಿ ಇದೆ: 2005ರ ಮಾಹಿತಿ ಹಕ್ಕು ಕಾಯ್ದೆ. ನಮ್ಮ ರಾಜ್ಯದಲ್ಲಿ ಶುಲ್ಕ ಹತ್ತು ರೂಪಾಯಿ. ಒಂದೇ ವಿಷಯ, 150 ಪದದೊಳಗೆ ಬರೀಬೇಕು. 30 ದಿನದೊಳಗೆ ಉತ್ತರ ಬರಬೇಕು. ವ್ಯಾಪಾರದ ಗುಟ್ಟು ಅಂತ ಏನಾದ್ರೂ ತಡೆದರೆ ಮೇಲ್ಮನವಿ ಹಾಕಬಹುದು. ಮುಖ್ಯವಾಗಿ, ನಿಮ್ಮ ಓಟು ಯಾವ ಊರಲ್ಲಿದೆ ಅಂತ ಯಾರೂ ಕೇಳೋ ಹಾಗಿಲ್ಲ. ಭಾರತದ ಪ್ರಜೆ ಆಗಿದ್ರೆ ಸಾಕು.

ಮೂರೇ ಪ್ರಶ್ನೆ ಕೇಳಿ. ಒಪ್ಪಂದ ಎಷ್ಟು ವರ್ಷದ್ದು? ನೀರಿನ ದರ ನಿಗದಿ ಮಾಡೋರು ಯಾರು? ನೀರು ಬರದಿದ್ರೆ ದಂಡ ಯಾರು ಕಟ್ತಾರೆ?

ಉತ್ತರ ಬಂದ ಮೇಲೆ ಅದರ ಫೋಟೊ ತೆಗೆದು ನಿಮ್ಮ ಬೀದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಮುಂದಿನ ಸಲ ಓಟು ಕೇಳೋಕೆ ಬಂದೋರ ಕೈಗೂ ಒಂದು ಪ್ರತಿ ಕೊಡಿ. ಊರಲ್ಲಿ ಗ್ರಾಮಸಭೆ ಇದ್ರೆ ಅಲ್ಲೂ ಹೋಗಿ ಕೂತ್ಕೊಳ್ಳಿ. ಖಾಲಿ ಕುರ್ಚಿಗಳು ಪ್ರಶ್ನೆ ಕೇಳಲ್ಲ.

ಮುಂದಿನ ವಾರ ಸಿಗೋಣ. ನಮಸ್ಕಾರ.