ಬೋರ್ಡು, ಟೇಬಲ್ಲು ಮತ್ತು ನಮ್ಮ ಮಣೆ



ನಾವು ದಿನವೂ ಆಡುವ ಎರಡು ಇಂಗ್ಲಿಷ್ ಪದಗಳನ್ನು ಇಂದು ಅಕ್ಕಪಕ್ಕ ಇಟ್ಟು ನೋಡೋಣ. ಒಂದು ಬೋರ್ಡ್, ಇನ್ನೊಂದು ಟೇಬಲ್.

ಎರಡರ ಮೂಲವೂ ಒಂದು ಹಲಗೆ. ಬೋರ್ಡ್ ಹಳೆಯ ಇಂಗ್ಲಿಷಿನದೇ ಪದ. ಟೇಬಲ್ ಬಂದದ್ದು ಲ್ಯಾಟಿನ್ನಿನ ‘ತಾಬುಲಾ’ದಿಂದ, ಅದರ ಅರ್ಥವೂ ಹಲಗೆಯೇ. ಆದರೆ ಎರಡೂ ಹಿಡಿದ ದಾರಿ ಬೇರೆ ಬೇರೆ.

ಬೋರ್ಡ್ ಮೊದಲು ಹಲಗೆ, ಆಮೇಲೆ ಊಟದ ಮೇಜು, ಕೊನೆಗೆ ಊಟವೇ ಆಯಿತು. ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂದರೆ ಊಟ ಮತ್ತು ವಸತಿ. ಮೇಜಿನ ಸುತ್ತ ಕುಳಿತು ಆಡಳಿತ ನಡೆಸುವವರೂ ಬೋರ್ಡ್ ಆದರು. ಅದನ್ನು ನಾವು ಮಂಡಳಿ ಎನ್ನುತ್ತೇವೆ. ಹಡಗಿನ ಪಕ್ಕಕ್ಕೂ ಬೋರ್ಡ್ ಎನ್ನುತ್ತಿದ್ದರು. ಇಂದು ವಿಮಾನ ಹತ್ತುವಾಗ ತೋರಿಸುವ ಬೋರ್ಡಿಂಗ್ ಪಾಸಿನ ಬೇರು ಅಲ್ಲಿದೆ.

ಟೇಬಲ್ ಬರೆಯುವ ಹಲಗೆಯೂ ಆಗಿತ್ತು. ಹಾಗಾಗಿ ಸಾಲುಸಾಲಾಗಿ ಬರೆದದ್ದೆಲ್ಲ ಟೇಬಲ್: ಅಂಕಿ ಅಂಶಗಳ ಕೋಷ್ಟಕ, ಶಾಲೆಯ ವೇಳಾಪಟ್ಟಿ, ಮಕ್ಕಳ ಮಗ್ಗಿ. ನೆಲದಡಿಯ ನೀರಿನ ಮಟ್ಟವೂ ವಾಟರ್ ಟೇಬಲ್.

ಇದೇ ಪದ ಕ್ರಿಯಾಪದವಾದಾಗ ಜಗಳವನ್ನೂ ತಂದಿದೆ. ವಿಷಯವೊಂದನ್ನು ‘ಟೇಬಲ್’ ಮಾಡುವುದೆಂದರೆ ಬ್ರಿಟಿಷರಿಗೆ ಚರ್ಚೆಗೆ ಮಂಡಿಸುವುದು. ನಮ್ಮ ಸಂಸತ್ತಿನಲ್ಲೂ ಮಂಡಿಸುವುದೆಂದೇ ಬಳಕೆ. ಅಮೆರಿಕನ್ನರಿಗೆ ಅದನ್ನು ಬದಿಗಿಡುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶಗಳ ಸೇನಾಧಿಕಾರಿಗಳು ಇದೇ ಪದಕ್ಕಾಗಿ ಬಹಳ ಹೊತ್ತು ವಾದಿಸಿದರಂತೆ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಎಂದು ಆಮೇಲೆ ತಿಳಿಯಿತೆಂದು ಚರ್ಚಿಲ್ ಬರೆದಿದ್ದಾರೆ. ಅಮೆರಿಕದ ಕಚೇರಿಯಿಂದ ಈ ಮಾತು ಬಂದರೆ, ಕಡತ ಸಿದ್ಧಮಾಡುವ ಮೊದಲು ಒಮ್ಮೆ ಕೇಳಿ ನೋಡುವುದು ಒಳ್ಳೆಯದು.

ಇಂಗ್ಲಿಷಿನಲ್ಲಿ ಒಂದು ಪದಕ್ಕೆ ಇಷ್ಟೊಂದು ಅರ್ಥವೇ ಎಂದು ಬೆರಗಾಗುವ ಮಕ್ಕಳು ಮನೆಯಲ್ಲಿದ್ದರೆ ನಮ್ಮ ‘ಮಣೆ’ಯನ್ನು ತೋರಿಸಿ. ಊಟಕ್ಕೆ ಕೂರುವ ಮಣೆ, ಚಪಾತಿ ಲಟ್ಟಿಸುವ ಮಣೆ, ತರಕಾರಿ ಹೆಚ್ಚುವ ಈಳಿಗೆಮಣೆ, ಆಡುವ ಅಳಗುಳಿಮಣೆ, ಮದುವೆಯ ಹಸೆಮಣೆ. ಯಾರಿಗಾದರೂ ‘ಮಣೆ ಹಾಕಿದರು’ ಎಂದರೆ ಅಲ್ಲಿ ಮರವೇ ಇಲ್ಲ, ಬರೀ ಮರ್ಯಾದೆ. ‘ಹಲಗೆ’ಯೂ ಅಷ್ಟೆ: ಉತ್ತರ ಕರ್ನಾಟಕದಲ್ಲಿ ಅದು ಹೋಳಿಗೆ ಬಾರಿಸುವ ವಾದ್ಯ.

ಪದದ ಅರ್ಥ ಅದರ ನೆರೆಹೊರೆಯಲ್ಲಿದೆ. ಟೇಬಲ್ ಎಂದಾಗ ಮೇಜೋ ಮಗ್ಗಿಯೋ ಎಂದು ಹೇಳುವುದು ಪಕ್ಕದ ಮಾತು. ಹಾಗೆಯೇ ಕನ್ನಡಕ್ಕೆ ತರುವಾಗ ಪದವನ್ನಲ್ಲ, ಆ ಸಂದರ್ಭವನ್ನು ತನ್ನಿ. ಮಗುವಿಗೆ ಇಂದು ಸಂಜೆ ‘ಟೇಬಲ್ಸ್ ಹೇಳು’ ಎನ್ನುವ ಬದಲು ‘ಮಗ್ಗಿ ಹೇಳು’ ಎನ್ನಿ. ಊರಿನಿಂದ ದೂರವಿದ್ದರೂ ಆ ಒಂದು ಪದವಾದರೂ ಮನೆಯಲ್ಲಿ ಉಳಿಯುತ್ತದೆ.